ಉಪ್ಪಿನ ದ್ವೀಪದ ಚಕ್ರವರ್ತಿ

ನಮ್ಮೂರಿನ ನಾಣ್ಯದ ಮೇಲೆ ಯಾರ ಮುಖ ಒತ್ತುತ್ತೇವೋ ಆ ಮುಖ ಅವರ ಜೊತೆಜೊತೆಗೇ ಮುದಿಯಾಗುತ್ತದೆ. ಅವರಿಗೆ ಜ್ವರ ಬಂದರೆ ನಾಣ್ಯದಲ್ಲೂ ಕೆನ್ನೆ ಗುಳಿಬೀಳುತ್ತದೆ. ಅವರು ತಿಂದು ಕೊಬ್ಬಿದರೆ ನಾಣ್ಯದಲ್ಲೂ ಗದ್ದ ಎರಡಾಗುತ್ತದೆ. ಅವರು ಸತ್ತರೆ, ಪೆಟ್ಟಿಗೆಯಲ್ಲಿರಲಿ, ಸೊಂಟದ ಚೀಲದಲ್ಲಿರಲಿ, ಹಸುಗೂಸಿನ ಮುಷ್ಟಿಯಲ್ಲಿರಲಿ, ಊರಿನ ಅಷ್ಟೂ ನಾಣ್ಯ ಅದೇ ಗಳಿಗೆಗೆ ಬೋಳಾಗುತ್ತದೆ. ಇದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಕೆಲವು ಊರಿನ ನೀರು ಗಡಸು, ಕೆಲವು ಊರಿನ ಗಾಳಿ ಕೆಟ್ಟದ್ದು, ನಮ್ಮೂರಿನ ನಾಣ್ಯ ಹೀಗೆ. ದೋಣಿ ಹತ್ತಿ ಬಂದು ಈ ಕೊಲ್ಲಿಯ ದಡದಲ್ಲಿ ಊರು ಕಟ್ಟಿದ ನಮ್ಮ ಗ್ರೀಕ್ ಹಿರಿಯರಿಗೆ ಅದು ಗೊತ್ತಿತ್ತು. ಅದಕ್ಕೇ ಅವರು ಒಂದು ಬದಿಗೆ ದೇವಿಯನ್ನೂ ಇನ್ನೊಂದು ಬದಿಗೆ ಡಾಲ್ಫಿನ್ನನ್ನೂ ಒತ್ತಿದರು. ದೇವಿ ಸಾಯುವುದಿಲ್ಲ. ಡಾಲ್ಫಿನ್ನುಗಳಲ್ಲಿ ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ಆ ಬುದ್ಧಿ ಇಪ್ಪತ್ತು ತಲೆಮಾರು ನಡೆಯಿತು. ಇಪ್ಪತ್ತೊಂದನೆಯ ತಲೆಮಾರಿಗೆ ಹೆರಾಗೊರ ಹುಟ್ಟಿದ.

ಹೆರಾಗೊರ ನಮ್ಮ ಊರಸಭೆಯ ಯಜಮಾನ. ರೋಮಿನವರು ನಮ್ಮೂರನ್ನು ಗೆದ್ದವರಲ್ಲ. ಗೆಲ್ಲುವ ಕಷ್ಟವನ್ನು ನಾವು ಅವರಿಗೆ ಕೊಡಲಿಲ್ಲ. ಅವರದೊಂದು ಹಡಗು ಕುಡಿಯುವ ನೀರು ತುಂಬಿಸಿಕೊಳ್ಳಲು ರೇವಿಗೆ ಬಂದಾಗ ಹೆರಾಗೊರನ ಅಪ್ಪ ಮಂಡಿಯೂರಿ ಊರಬಾಗಿಲ ಕೀಲಿಕೈ ಒಪ್ಪಿಸಿದನಂತೆ. ಹಡಗಿನವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ವಾಪಸು ಕೊಟ್ಟು ಹೋದರಂತೆ. ಮಗ ಅಪ್ಪನಿಗಿಂತ ಒಂದು ಕೈ ಮೇಲು. ರೋಮಿನವರ ಹಾಗೆ ಹನ್ನೆರಡು ಮೊಳದ ಬಿಳಿ ಬಟ್ಟೆ ಸುತ್ತಿಕೊಂಡು, ನಡೆದರೆ ಎಡವುತ್ತಾ, ಕೂತರೆ ಅದು ಬಿಚ್ಚಿಹೋಗಿ, ಒಂದು ಕೈಯಲ್ಲಿ ಸದಾ ಅದನ್ನೇ ಹಿಡಿದುಕೊಂಡಿರುತ್ತಿದ್ದ. ಒಂದು ದಿನ ಸಭೆಯಲ್ಲಿ ಎದ್ದು ನಿಂತು, ದೇವಿಯನ್ನು ತೆಗೆದು ಚಕ್ರವರ್ತಿಯ ಮುಖ ಒತ್ತೋಣ ಎಂದ. ರೋಮಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ನಮ್ಮೂರು ಭೂಮಿಯ ಮೇಲಿದೆ ಎಂಬುದೇ ರೋಮಿಗೆ ನೆನಪಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ವಿಷಯ ತಿಳಿಸಿ ಬರೆದ ಓಲೆಗೆ ಒಂದೂವರೆ ವರ್ಷದ ಮೇಲೆ ಉತ್ತರ ಬಂತು. ‘ಸಂತೋಷ’ ಎಂಬ ಒಂದೇ ಮಾತಿತ್ತು, ಊರಿನ ಹೆಸರು ತಪ್ಪಾಗಿತ್ತು. ಹೆರಾಗೊರ ಆ ತಪ್ಪು ಹೆಸರನ್ನೇ ಊರಬಾಗಿಲ ಮೇಲೆ ಕೆತ್ತಿಸಿದ.

ಕೆತ್ತಿದವನು ನಾನೇ. ನನ್ನ ಹೆಸರು ಸಿಮಿಯ. ಟಂಕಸಾಲೆಯಲ್ಲಿ ಅಚ್ಚು ಕೆತ್ತುವುದು ನಮ್ಮ ಮನೆತನದ ಕಸುಬು. ಊರನ್ನು ಆಡಿಕೊಳ್ಳುವ ಮೊದಲು ಇದನ್ನು ಹೇಳಿಬಿಡಬೇಕು: ದೇವಿಯ ಅಚ್ಚನ್ನು ಉಜ್ಜಿ ಅಳಿಸಿದ್ದೂ ನಾನೇ, ಅದಕ್ಕೆಂದು ಸಭೆ ಕೊಟ್ಟ ಹೊಸ ಉಣ್ಣೆಯ ಮೇಲುವಸ್ತ್ರ ಹೊದ್ದು ಬೀದಿಯಲ್ಲಿ ಎರಡು ಸುತ್ತು ಬಂದದ್ದೂ ನಾನೇ.

ನನಗೆ ನಮ್ಮವರು ಅಂತ ಇದ್ದದ್ದು ಅತ್ತಿಗೆ ಒಬ್ಬಳೇ. ಅಣ್ಣ ಮೀನು ಹಿಡಿಯಲು ಹೋಗಿ ಕಡಲಲ್ಲೇ ಉಳಿದುಹೋದ. ಆಮೇಲೆ ಅವಳು ರೇವಿನ ಸಂತೆಯಲ್ಲಿ ಉಪ್ಪುಮೀನಿನ ಅಂಗಡಿ ಇಟ್ಟುಕೊಂಡಳು. ಹೆಸರು ಮಿರ್ತಲೆ. ಮೊಂಡು ಮೂಗು, ಗದ್ದದ ಮೇಲೆ ಕಡಲೆಕಾಳಿನಷ್ಟು ಮಚ್ಚೆ, ರೇವಿನ ಆ ತುದಿಗೂ ಕೇಳುವ ಗಂಟಲು. ನಾನು ಮದುವೆಯಾದವನಲ್ಲ. ಹದಿನಾಲ್ಕು ವರ್ಷ ಎರಡು ಹೊತ್ತೂ ಅವಳ ಮನೆಯಲ್ಲೇ ಉಂಡೆ. “ಸೂಕ್ಷ್ಮ ಕೆಲಸ ಮಾಡೋನು ನೀನು, ಕಣ್ಣಿಗೆ ಒಳ್ಳೇದು” ಎಂದು ಮೀನಿನ ತಲೆಯನ್ನು ನನ್ನ ತಟ್ಟೆಗೇ ಹಾಕುತ್ತಿದ್ದಳು. ಒಂದು ಸಲವೂ ತಾನು ತಿಂದವಳಲ್ಲ.

ಚಕ್ರವರ್ತಿಯ ಮುಖಕ್ಕೆ ಊರು ಬೇಗ ಒಗ್ಗಿಕೊಂಡಿತು. ನಾಣ್ಯ ಕೊಡುವ ಮೊದಲು ತಿರುಗಿಸಿ ನೋಡಿ, “ಪ್ರಭುಗಳು ಇವತ್ತು ಲವಲವಿಕೆಯಿಂದ ಇದಾರೆ” ಅನ್ನುವುದು ದೊಡ್ಡ ಮನುಷ್ಯರ ಲಕ್ಷಣವಾಯಿತು. ಮುಖದಲ್ಲಿ ನೆರಿಗೆ ಹೆಚ್ಚಿದರೆ ‘ರಾಜ್ಯದ ಚಿಂತೆ’ ಎನ್ನುತ್ತಿದ್ದರು. ನೆತ್ತಿಯ ಮುಂದೆ ಕೂದಲು ಕಡಿಮೆಯಾದಾಗ ಹೆರಾಗೊರ ತನ್ನ ಮುಂದಲೆಯನ್ನು ಬೋಳಿಸಿಕೊಂಡು ಸಭೆಗೆ ಬಂದ. ಮುಂದಿನ ಸಭೆಗೆ ಇನ್ನೂ ಒಂಬತ್ತು ಜನ ಹಾಗೇ ಬಂದರು. ಒಂದು ಬೇಸಿಗೆಯಲ್ಲಿ ಚಕ್ರವರ್ತಿಯ ಮೂಗಿನ ಮೇಲೆ ಕುರು ಎದ್ದಿತು. ಗುಡಿಯಲ್ಲಿ ಆ ಕುರುವಿಗಾಗಿ ಮೂರು ದಿನ ಪೂಜೆ ನಡೆಯಿತು. ಅತ್ತಿಗೆ ಮಾತ್ರ ನಾಣ್ಯವನ್ನು ಬಿಸಿಲಿಗೆ ಹಿಡಿದು ಲೊಚಗುಟ್ಟಿದಳು: “ಬಿಸಿ ಈರುಳ್ಳಿ ಕಟ್ಟಿದ್ರೆ ಎರಡು ದಿನಕ್ಕೆ ಒಡೀತಿತ್ತು. ಅಷ್ಟು ದೊಡ್ಡ ಅರಮನೇಲಿ ಹೇಳೋಕೆ ಒಬ್ಬ ಹೆಂಗಸಿಲ್ವ?”

ಆ ಹೊತ್ತಿಗೆ ರೇವಿನ ಸುಂಕ ನೋಡಿಕೊಳ್ಳಲು ರೋಮಿನಿಂದ ಸತ್ರಿಯಸ್ ಎಂಬ ಅಧಿಕಾರಿ ಬಂದಿದ್ದ. ಅವನನ್ನು ಇಲ್ಲಿಗೆ ಕಳಿಸಿದ್ದು ಯಾವುದೋ ತಪ್ಪಿಗೆ ಶಿಕ್ಷೆಯಾಗಿ ಎಂದು ಊರಿಗೆಲ್ಲ ಗೊತ್ತಿತ್ತು. ನಮ್ಮೂರು ಶಿಕ್ಷೆಯಾಗಬಲ್ಲಷ್ಟು ದೊಡ್ಡದಾಯಿತಲ್ಲ ಎಂದು ಸಭೆಯವರಿಗೆ ಒಳಗೊಳಗೇ ಹೆಮ್ಮೆ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಒಂದು ಬೆಳಗ್ಗೆ ಸತ್ರಿಯಸ್ಸನ ಅಡುಗೆಯವನು ಅತ್ತಿಗೆಯ ಅಂಗಡಿಗೆ ಬಂದು ಮೀನು ಆರಿಸಿ, ನಾಣ್ಯ ಕೊಟ್ಟ. ನಾನು ಅಲ್ಲೇ ಪಕ್ಕದ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಅವಳು ರೂಢಿಯಂತೆ ನಾಣ್ಯ ತಿರುಗಿಸಿದಳು. “ಏನಪ್ಪ ಇದು, ಬೋಳು ಕೊಡ್ತೀಯ?” ಅವನು ಇನ್ನೊಂದು ತೆಗೆದ, ಅದೂ ಬೋಳು. ಮತ್ತೊಂದು, ಅದೂ. ಅತ್ತಿಗೆ ತನ್ನ ಹಣದ ಚೀಲವನ್ನು ಹಲಗೆಯ ಮೇಲೆ ಸುರಿದಳು. ನುಣ್ಣಗಿನ ಬಿಲ್ಲೆಗಳು ಉರುಳಿದವು. ಆಗ ಸಂತೆಯಲ್ಲಿ ಇನ್ನೂರು ಜನವಾದರೂ ಇದ್ದರು. ಎಲ್ಲರೂ ತಮ್ಮ ತಮ್ಮ ಚೀಲ ಬಿಚ್ಚಿ ನೋಡಿದ್ದನ್ನು, ನೋಡಿ ಹಾಗೇ ಕಟ್ಟಿದ್ದನ್ನು ನಾನು ಕಂಡೆ. ನಾನೂ ನನ್ನದನ್ನು ಕಟ್ಟಿದೆ.

“ಅಯ್ಯೋ ಪಾಪ, ಹೋಗ್ಬಿಟ್ನಲ್ಲ ಮನುಷ್ಯ” ಎಂದಳು ಅತ್ತಿಗೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಮ್ಮೂರಲ್ಲಿ ಸತ್ತವರಿಗೆ ಮಾಡುವ ಹಾಗೆ ಒಂದು ಚಿಟಿಕೆ ಉಪ್ಪನ್ನು ಕಡಲಿನ ಕಡೆಗೆ ಎಸೆದಳು. ಅಡುಗೆಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. “ಏನು ನೋಡ್ತಿ? ಎರಡು ವರ್ಷ ದಿನಾ ಬೆಳಗಾದ್ರೆ ಮುಖ ನೋಡಿದೀವಿ. ಯಾರೋ ತಾಯಿ ಹೆತ್ತ ಮಗ. ಅಳೋಕೂ ಅಪ್ಪಣೆ ಬೇಕಾ?” ಇಡೀ ಊರಿನಲ್ಲಿ ಚಕ್ರವರ್ತಿಗಾಗಿ ನಿಜವಾಗಿ ಮರುಗಿದವಳು ಅವಳೊಬ್ಬಳೇ. ಅವಳನ್ನೇ ರಾಜದ್ರೋಹಿ ಎಂದು ಹಿಡಿದರು.

ಕಾನೂನು ಹಾಗಿತ್ತು. ರೋಮಿನಿಂದ ಹಡಗು ಬಂದು ಹೇಳುವವರೆಗೆ ಚಕ್ರವರ್ತಿ ಬದುಕಿದ್ದಾರೆ. ಅದಕ್ಕೆ ಮೊದಲು ಸತ್ತರು ಅಂದವರಿಗೆ ಮರಣದಂಡನೆ. ಸತ್ರಿಯಸ್ಸನ ಕೈಯಲ್ಲೂ ಬೋಳು ನಾಣ್ಯವಿತ್ತು. ಆದರೆ ಅವನ ಅಧಿಕಾರವೆಲ್ಲ ನಡೆಯುತ್ತಿದ್ದದ್ದು ಆ ಸತ್ತವನ ಹೆಸರಿನಲ್ಲಿ, ಸತ್ತನೆಂದು ಒಪ್ಪಿದರೆ ಅದೂ ಹೋಯಿತು. ಅವನು ಹೆರಾಗೊರನ ಮುಖ ನೋಡಿದ. ಹೆರಾಗೊರ ಬಟ್ಟೆ ಎತ್ತಿ ಹಿಡಿದುಕೊಂಡು, “ಸುದ್ದಿ ಹಡಗಲ್ಲಿ ಬರುತ್ತೆ ದೊರೆ, ಮೀನಿನ ಬುಟ್ಟೀಲಿ ಬರಲ್ಲ” ಎಂದ. ಮಧ್ಯಾಹ್ನ ಊರವರನ್ನೆಲ್ಲ ನಾಟಕದ ಬಯಲಿಗೆ ಕರೆಸಿದರು.

ಒಂದು ಮಂಚದ ಮೇಲೆ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಒಂದು ಬೋಳು ನಾಣ್ಯ ಇಟ್ಟಿದ್ದರು. ಒಬ್ಬೊಬ್ಬರಾಗಿ ಬಂದು ಏನು ಕಾಣುತ್ತದೆ ಎಂದು ಹೇಳಬೇಕು. ಅತ್ತಿಗೆ ಪಕ್ಕದಲ್ಲಿ ಕೈಕಟ್ಟಿಸಿಕೊಂಡು ನಿಂತಿದ್ದಳು. ಮೊದಲು ಬಂದ ದ್ರಾಕ್ಷಾರಸದ ವ್ಯಾಪಾರಿ, “ಚಕ್ರವರ್ತಿಗಳು” ಎಂದ. ಮುಂದಿನವನು, “ಚಕ್ರವರ್ತಿಗಳು, ನಗುಮುಖ” ಎಂದ. ಬರಿಯ ಸುಳ್ಳು ಸಾಲದೆಂದು ಅದಕ್ಕೆ ಒಗ್ಗರಣೆ ಬೀಳತೊಡಗಿತು. ಒಬ್ಬನಿಗೆ ಹುಬ್ಬಿನ ಗಾಂಭೀರ್ಯ ಕಂಡಿತು. ಒಬ್ಬನಿಗೆ ಕುರು ವಾಸಿಯಾದ ಕಲೆ ಕಂಡಿತು. ದೇವಿಯ ಗುಡಿಯ ಪೂಜಾರಿ, “ತೇಜಸ್ಸು ಕಣ್ಣಿಗೆ ಕುಕ್ಕುತ್ತೆ, ಅದಕ್ಕೇ ಕೆಲವರಿಗೆ ಕಾಣಲ್ಲ” ಎಂದು ಎರಡು ಕಡೆಗೂ ಅನ್ವಯಿಸುವ ಮಾತಾಡಿ ಇಳಿದ. ಎಣ್ಣೆ ಅಂಗಡಿಯ ಕುರುಡು ಮುದುಕ ಬೆರಳಾಡಿಸಿ, “ಮೂಗು ಸಿಕ್ತು, ಮೂಗು ಸಿಕ್ತು!” ಎಂದು ಕೂಗಿದ. ಜನ ಅವನಿಗೆ ಚಪ್ಪಾಳೆ ತಟ್ಟಿದರು.

ಕೊನೆಗೆ ನನ್ನನ್ನು ಕರೆದರು. ಅಚ್ಚು ಕೆತ್ತಿದವನ ಮಾತು ಬಲವಾದ ಸಾಕ್ಷಿ ಎಂದು ಹೆರಾಗೊರ ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ನಾಣ್ಯ ತೆಗೆದುಕೊಂಡೆ. ನದಿಯಲ್ಲಿ ಬಿದ್ದ ಕಲ್ಲಿನಷ್ಟು ನುಣುಪು. ಅತ್ತಿಗೆಯ ಮುಖದಲ್ಲಿ ಆಗ ಬಂದ ನಿರಾಳ ನನಗೆ ಇವತ್ತಿಗೂ ಮರೆತುಹೋಗಿಲ್ಲ. ಸಾವಿರ ಮೂರ್ಖರ ಮಧ್ಯೆ ಒಬ್ಬ ಮನೆಯವನು ಸಿಕ್ಕಿದ ನಿರಾಳ ಅದು. “ನೀನು ಕೆತ್ತೋನಪ್ಪ ಸಿಮಿಯ” ಎಂದಳು. “ನೋಡಿ ಹೇಳ್ಬಿಡು. ಇವರಿಗೆ ಕಣ್ಣು ಮಂಜು.”

“ಮುಖ ಇದೆ” ಎಂದೆ. “ಸ್ವಲ್ಪ ಸವೆದಿದೆ, ಅಷ್ಟೆ.”

ಹೆರಾಗೊರ ತಾನು ದಯಾವಂತನೆಂದು ತಾನೇ ಹೇಳಿಕೊಂಡು, ಸಾವಿನ ಬದಲು ಬೇರೆ ಶಿಕ್ಷೆ ಕೊಡಿಸಿದ. ಆಕೆಗೆ ನಾಣ್ಯದಲ್ಲಿ ಚಕ್ರವರ್ತಿಯ ಮುಖ ಕಾಣುವವರೆಗೆ ಉಪ್ಪಿನ ದ್ವೀಪದಲ್ಲಿ ಉಪ್ಪು ಕೆರೆಯಬೇಕು. ನಮ್ಮ ರೇವಿನಿಂದ ಅರ್ಧ ದಿನದ ದಾರಿಯಲ್ಲಿ, ಬಿಳಿಯ ಹುಣ್ಣಿನ ಹಾಗೆ ಕಾಣುವ ದ್ವೀಪ ಅದು. ಅಲ್ಲಿಗೆ ಹೋದ ಕೈದಿಗಳು ತಿರುಗಿ ಬಂದದ್ದನ್ನು ಯಾರೂ ನೋಡಿರಲಿಲ್ಲ. ಮರುದಿನ ಬೆಳಗ್ಗೆ ದೋಣಿ ಹೋಯಿತು. ನಾನು ರೇವಿಗೆ ಹೋಗಲಿಲ್ಲ. ಟಂಕಸಾಲೆಯಲ್ಲಿ ಕೆಲಸವಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಊರು ತನಗೆ ತಾನು ಸುಳ್ಳು ಹೇಳಿಕೊಂಡು ಬದುಕಬಹುದು, ಹೊರಗಿನವರಿಗೆ ಹೇಳುವುದು ಕಷ್ಟ. ಬೆಟ್ಟದ ಜನ ಧಾನ್ಯ, ಉಣ್ಣೆ ಹೇರಿಕೊಂಡು ಬಂದವರು ಬೋಳು ಬಿಲ್ಲೆ ನೋಡಿ ಹೇಸರಗತ್ತೆಗಳನ್ನು ವಾಪಸು ತಿರುಗಿಸಿದರು. “ನಿಮ್ಮ ರಾಜ ಇದಾನೋ ಸತ್ತಿದಾನೋ ನಮಗೇನು? ನಮಗೆ ಒತ್ತಿದ ನಾಣ್ಯ ಬೇಕು” ಎಂದರು. ಬೆಟ್ಟದವರಿಗೆ ಚಕ್ರವರ್ತಿ ಇಲ್ಲ, ಆದ್ದರಿಂದ ಕಣ್ಣು ಚೆನ್ನಾಗಿ ಕಾಣುತ್ತದೆ. ಹತ್ತು ದಿನದಲ್ಲಿ ಹಿಟ್ಟಿನ ಅಂಗಡಿಗಳು ಬಾಗಿಲು ಹಾಕಿದವು. ಹೊಸದಾಗಿ ಒತ್ತು ಎಂದು ಸತ್ರಿಯಸ್ ಅಪ್ಪಣೆ ಮಾಡಿದ. ನಾನು ಬಿಲ್ಲೆಗಳನ್ನು ಕಾಯಿಸಿ, ಹಳೆಯ ಅಚ್ಚಿನ ಕೆಳಗಿಟ್ಟು, ಸುತ್ತಿಗೆ ಎತ್ತಿ ಬಡಿದೆ. ಅಚ್ಚಿನಲ್ಲಿ ಕೂದಲೆಳೆಯೂ ಸ್ಪಷ್ಟವಾಗಿತ್ತು, ಬಿಲ್ಲೆಯ ಮೇಲೆ ಏನೂ ಬೀಳಲಿಲ್ಲ. ಹೊಸ ಅಚ್ಚು ಕೆತ್ತಿದೆ. ಅದೂ ಬೀಳಲಿಲ್ಲ. ಸತ್ತವನ ಮುಖವನ್ನು ನಮ್ಮೂರ ಬೆಳ್ಳಿ ಹಿಡಿಯುವುದಿಲ್ಲ.

ಹೆರಾಗೊರ ಟಂಕಸಾಲೆಗೆ ಬಂದು ಬಾಗಿಲು ಹಾಕಿಕೊಂಡ. ಬಟ್ಟೆಯ ಅಂಚು ಇದ್ದಿಲಿನ ಮೇಲೆ ಎಳೆದಾಡುತ್ತಿತ್ತು. “ಬದುಕಿರೋರದ್ದಾದ್ರೆ ಬೀಳುತ್ತಲ್ಲ?” ಎಂದ.

“ಬೀಳುತ್ತೆ ಯಜಮಾನ್ರೆ.”

“ಯಾರದಾದ್ರೂ ಕೆತ್ತು. ತಲೆಗೆ ಎಲೆಗಳ ಕಿರೀಟ ಹಾಕು, ಸುತ್ತ ಚಕ್ರವರ್ತಿಗಳ ಹೆಸರು ಬರಿ. ಮುಖ ಯಾರು ನೋಡ್ತಾರೆ?” ಎರಡು ವರ್ಷ ಆ ಮುಖಕ್ಕೆ ಪೂಜೆ ಮಾಡಿಸಿದವನು ಆಡಿದ ಮಾತು ಇದು. ಹೋಗುವಾಗ ಬಾಗಿಲಲ್ಲಿ ನಿಂತು, “ನನ್ನ ಮುಖ ಬೇಡ, ಜನ ತಪ್ಪು ತಿಳೀತಾರೆ” ಎಂದು ಸೇರಿಸಿದ. ನಾನು ಒತ್ತಾಯ ಮಾಡಲೆಂದು ಸ್ವಲ್ಪ ಹೊತ್ತು ಕಾದ. ನಾನು ಮಾಡಲಿಲ್ಲ.

ಕಣ್ಣುಮುಚ್ಚಿ ಕೆತ್ತಬಲ್ಲಷ್ಟು ನನಗೆ ಗೊತ್ತಿದ್ದ ಮುಖ ಒಂದೇ. ಹದಿನಾಲ್ಕು ವರ್ಷ ತಟ್ಟೆಯ ಆಚೆ ಬದಿಯಲ್ಲಿ ನೋಡಿದ ಮುಖ. ಮೊಂಡು ಮೂಗು ಕೆತ್ತಿದೆ, ಮಚ್ಚೆ ಕೆತ್ತಿದೆ, ತಲೆಯ ಮೇಲೆ ಎಲೆಗಳ ಕಿರೀಟ ಇಟ್ಟೆ. ಮೊದಲ ಏಟಿಗೇ ಬಿತ್ತು. ಅತ್ತಿಗೆ ಬದುಕಿದ್ದಾಳೆ ಎಂದು ಸುತ್ತಿಗೆ ಕೆಳಗಿಟ್ಟೆ. ಆ ಹೊತ್ತಿನಲ್ಲಿ ನಾನೊಂದು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ನನಗೆ ಅನಿಸಿತ್ತು. ಆ ವಾರವೆಲ್ಲ ಬಡಿದು ಬಡಿದು ಊರಿಗೆ ಸಾಕಾಗುವಷ್ಟು ಒತ್ತಿ ಮುಗಿಸಿದೆ.

ಊರಿನಲ್ಲಿ ಅವಳ ಗುರುತು ಹಿಡಿಯದವರು ಯಾರಿದ್ದರು? ಎಲ್ಲರೂ ಅವಳ ಹತ್ತಿರ ಮೀನು ಕೊಂಡವರೇ. ಸಭೆಯವರು ಹೊಸ ನಾಣ್ಯ ಕೈಗೆತ್ತಿಕೊಂಡರು, ಮಚ್ಚೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಪೂಜಾರಿ ಗಂಟಲು ಸರಿಮಾಡಿಕೊಂಡು, “ಪ್ರಭುಗಳು ಗುಣವಾದ್ರು!” ಎಂದ. ಅಷ್ಟೇ ಸಾಕಾಯಿತು. ಹನ್ನೆರಡು ಎತ್ತು ಕಡಿದರು. ಬೀದಿಬೀದಿಗೆ ತೋರಣ ಕಟ್ಟಿದರು. ಸತ್ರಿಯಸ್ ನಾಣ್ಯವನ್ನು ದೂರ ಹಿಡಿದು, ಹತ್ತಿರ ಹಿಡಿದು, ಈ ಊರಿನ ಹವೆ ಚಕ್ರವರ್ತಿಗಳನ್ನು ಕಿರಿಯರನ್ನಾಗಿ ಮಾಡಿದೆ ಎಂದ. ತಾನು ಮಾಡಿಸಿದ ಪೂಜೆಯಿಂದ ಚಕ್ರವರ್ತಿಗಳಿಗೆ ಆರೋಗ್ಯ ಮರಳಿತೆಂದು ರೋಮಿಗೆ ಓಲೆಯನ್ನೂ ಬರೆದ. ಚಳಿಗಾಲಕ್ಕೆ ದೂರದ ಹಡಗುಗಳಿಗೆ ಕಡಲು ಮುಚ್ಚುವ ಮೊದಲಿನ ಕೊನೆಯ ಹಡಗಿನಲ್ಲಿ ಅದು ಹೋಯಿತು. ಬೆಟ್ಟದವರು ನಾಣ್ಯ ತಿರುಗಿಸಿ ನೋಡಿ, “ಇದು ನಮ್ಮ ಮೀನಿನ ಅಮ್ಮ ಅಲ್ವ?” ಎಂದು ಕೇಳಿದರು. ಊರವರು ಖಾಲಿ ಚೀಲಗಳನ್ನು ಮುಂದೆ ಚಾಚಿದರು. ಬೆಟ್ಟದವರು ಭುಜ ಕುಣಿಸಿ ಧಾನ್ಯ ಅಳೆದುಕೊಟ್ಟರು.

ಚಳಿ ಬಲಿತಂತೆ ನಾಣ್ಯದ ಮುಖ ಇಳಿಯತೊಡಗಿತು. ಮೊದಲು ಕೆನ್ನೆ ಹೋಯಿತು. ಆಮೇಲೆ ತುಟಿಯಲ್ಲಿ ಬಿರುಕು. ಒಂದು ದಿನ ಎಡಗಣ್ಣು ಊದಿ ಮುಚ್ಚಿಕೊಂಡಿತ್ತು, ಯಾರೋ ಹೊಡೆದಿದ್ದರು. ಜನ ನಾಣ್ಯ ಕೊಡುವಾಗ ಮುಖ ಕೆಳಗೆ ಮಾಡಿ ಕೊಡಲು ಕಲಿತರು, ತೆಗೆದುಕೊಳ್ಳುವವರು ಹಾಗೇ ಚೀಲಕ್ಕೆ ಹಾಕಿಕೊಳ್ಳಲು ಕಲಿತರು. ಹೆಂಗಸರು ಬಾವಿಕಟ್ಟೆಯಲ್ಲಿ, “ಪ್ರಭುಗಳು ಬಹಳ ಸೊರಗಿದಾರೆ” ಎಂದು ಪಿಸುಗುಟ್ಟಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುವುದಕ್ಕೂ ಅವರಿಗೆ ಚಕ್ರವರ್ತಿಯ ಹೆಸರು ಬೇಕಾಗಿತ್ತು. ನಾನು ಒಂದು ನಾಣ್ಯವನ್ನು ಸೊಂಟಪಟ್ಟಿಯೊಳಗೆ ಹೊಲಿದುಕೊಂಡಿದ್ದೆ. ಗಂಟೆಗೊಮ್ಮೆ ಬೆರಳಿನಿಂದ ತಡವಿ, ಮೂಗು ಇನ್ನೂ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಮೂಳೆಗಳು ಬೆರಳಿಗೆ ಸಿಗತೊಡಗಿದ ದಿನ ಹೆರಾಗೊರನ ಮನೆಗೆ ಹೋದೆ.

“ಯಜಮಾನ್ರೆ, ಚಕ್ರವರ್ತಿಗಳಿಗೆ ಮೈ ಸರಿ ಇಲ್ಲ” ಎಂದೆ.

“ನೋಡಿದೆ. ಚಳಿ ತಾಗಿರ್ಬೇಕು.”

“ಉಪ್ಪು ತಾಗಿದೆ. ಈ ತಿಂಗಳು ದಾಟೋ ಹಾಗೆ ಕಾಣಲ್ಲ.”

ಬಟ್ಟೆ ಹಿಡಿದಿದ್ದ ಅವನ ಕೈ ಸಡಿಲವಾಯಿತು.

“ಮತ್ತೆ ಎಲ್ಲಾ ಬೋಳಾಗುತ್ತೆ” ಎಂದೆ. “ಗುಣವಾದ್ರು ಅಂತ ಎತ್ತು ಕಡಿದಾಗಿದೆ. ದೊರೆಗಳು ರೋಮಿಗೆ ಬರೆದಾಗಿದೆ. ಒಬ್ಬ ಚಕ್ರವರ್ತಿ ಎರಡು ಸಲ ಸತ್ರೆ ರೋಮಿನವರು ಏನಂತಾರೋ ನಾ ಕಾಣೆ.”

“ಏನ್ ಮಾಡ್ಬೇಕು ಅಂತೀಯ?”

“ಅವಳನ್ನ ಕರೆಸಿಬಿಡಿ.”

“ಕರೆಸಿದ್ರೆ ಮಾತಾಡ್ತಾಳೆ.”

“ಹಾಗಾದ್ರೆ ಚಕ್ರವರ್ತಿಗಳಿಗೆ ಗಂಜಿ, ತುಪ್ಪ, ಜೇನು, ದಪ್ಪ ಕಂಬಳಿ, ಒಬ್ಬ ವೈದ್ಯ. ಉಪ್ಪಿನ ದ್ವೀಪಕ್ಕೆ. ಹೊಡೀಬಾರ್ದು ಅಂತ ಕಾವಲಿನವರಿಗೆ ಅಪ್ಪಣೆ.”

ಅವನು ನಗಲಿಲ್ಲ. ನಾನೂ ನಗಲಿಲ್ಲ. “ವೈದ್ಯನಿಗೆ ಯಾರನ್ನ ನೋಡೋಕೆ ಹೋಗು ಅಂತ ಹೇಳೋದು?” ಎಂದು ಕೇಳಿದ.

“ಹೇಳೋದೇನು ಬಂತು. ಅವನ ಚೀಲದಲ್ಲೂ ನಾಣ್ಯ ಇದೆ.”

ಮರುದಿನದಿಂದ ದೋಣಿಗಳು ಶುರುವಾದವು. ಚಕ್ರವರ್ತಿಗಳ ಆರೋಗ್ಯಕ್ಕೆ ನೆರವಾಗುವುದು ಗೌರವದ ವಿಷಯವಾದ್ದರಿಂದ ಸಭೆಯ ಮನೆಗಳಲ್ಲಿ ಪೈಪೋಟಿ ಎದ್ದಿತು. ಒಬ್ಬರ ಮನೆಯಿಂದ ಕೋಳಿಸಾರು, ಇನ್ನೊಬ್ಬರ ಮನೆಯಿಂದ ಅಂಜೂರ. ಹೆರಾಗೊರನ ಹೆಂಡತಿ ತನ್ನ ಮದುವೆಯ ಕಂಬಳಿಯನ್ನೇ ಕೊಟ್ಟಳು. ಅವಳು ಬಾಲ್ಯದಲ್ಲಿ ಮಿರ್ತಲೆಯ ಜೊತೆ ಕಡಲತೀರದಲ್ಲಿ ಚಿಪ್ಪು ಆರಿಸಿದವಳು. ಅದನ್ನು ಹೇಳದೆ, “ಪ್ರಭುಗಳಿಗೆ” ಎಂದಷ್ಟೇ ಹೇಳಿ ಒಳಗೆ ಹೋದಳು. ಕಾವಲಿನವರು ಮೀನು ಮಾರುವವಳ ಮುಂದೆ ತಟ್ಟೆ ಹಿಡಿದು ನಿಲ್ಲಬೇಕಾಯಿತು. ನಾಣ್ಯದಲ್ಲಿ ಕೆನ್ನೆ ತುಂಬಿಕೊಂಡಿತು, ಕಣ್ಣು ತೆರೆಯಿತು. ಜನ ನಾಣ್ಯವನ್ನು ಮತ್ತೆ ಮುಖ ಮೇಲೆ ಮಾಡಿ ಕೊಡತೊಡಗಿದರು. ತಾವೇ ಅವಳನ್ನು ಬದುಕಿಸಿದೆವೆಂಬ ಹಾಗೆ ಕೆಲವರ ಮುಖದಲ್ಲಿ ತೃಪ್ತಿಯೂ ಕಾಣಿಸಿತು. ಯಾಕೆ ಸುಳ್ಳು ಹೇಳಲಿ, ನನ್ನ ಮುಖದಲ್ಲೂ ಇತ್ತು.

ಕಡಲು ತೆರೆದ ಮೇಲೆ ಮೊದಲ ಹಡಗು ಬಂತು. ಚಕ್ರವರ್ತಿ ತೀರಿಕೊಂಡರೆಂಬ ಸುದ್ದಿ ತಂದಿತು. ದಿನ ಲೆಕ್ಕ ಹಾಕಿ ನೋಡಬೇಕಾಗಿಯೇ ಇರಲಿಲ್ಲ, ಅತ್ತಿಗೆ ಉಪ್ಪು ಎಸೆದ ಅದೇ ಬೆಳಗ್ಗೆ. ಸತ್ರಿಯಸ್ ಊರವರನ್ನು ಕೂಡಿಸಿ, ತನಗೆ ಅದು ಅಂದೇ ಗೊತ್ತಿತ್ತು, ಪ್ರಜೆಗಳು ಗಾಬರಿಯಾಗಬಾರದೆಂದು ಆ ದುಃಖವನ್ನು ಚಳಿಗಾಲವೆಲ್ಲ ಒಬ್ಬನೇ ನುಂಗಿಕೊಂಡೆ ಎಂದು ಭಾಷಣ ಮಾಡಿದ. ಜನ ಅತ್ತರು. ಹಾಗಾದರೆ ಚಳಿಗಾಲವೆಲ್ಲ ಕೋಳಿಸಾರು ಕುಡಿದದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಹಡಗಿನಲ್ಲಿ ಹಲಗೆಯ ಮೇಲೆ ಬರೆದ ಹೊಸ ಚಕ್ರವರ್ತಿಯ ಚಿತ್ರವೂ ಬಂದಿತ್ತು. ಗಡ್ಡವಿದ್ದ ಮನುಷ್ಯ. ನಾನು ಅವನನ್ನು ಕೆತ್ತಿದೆ, ಒತ್ತಿದೆ, ಬಿತ್ತು. ಹಳೆಯ ನಾಣ್ಯವನ್ನೆಲ್ಲ ತಂದುಕೊಟ್ಟು ಹೊಸದು ಒಯ್ಯಬೇಕೆಂದು ಡಂಗುರ ಹೊಡೆಸಿದರು.

ಮಿರ್ತಲೆಯನ್ನೂ ಕರೆಸಿದರು. ಶಿಕ್ಷೆ ಚಕ್ರವರ್ತಿಯ ಮುಖ ಕಾಣುವವರೆಗೆ ತಾನೇ. ಈಗ ಕಾಣುತ್ತದೆ ಅಂದುಬಿಟ್ಟರೆ ಎಲ್ಲರಿಗೂ ಕ್ಷೇಮ. ದೋಣಿ ಬಂದಾಗ ರೇವು ತುಂಬ ಜನ. ಅವಳು ಯಾರ ಕೈಯನ್ನೂ ಹಿಡಿಯದೆ ಇಳಿದಳು. ಮುಖ ತುಂಬಿಕೊಂಡಿತ್ತು, ಕೈಗಳು ಮಾತ್ರ ಉಪ್ಪು ತಿಂದು ಹಳೆಯ ಹಗ್ಗದ ಹಾಗಾಗಿದ್ದವು. ಕೈಗಳು ನಾಣ್ಯದಲ್ಲಿ ಬಂದಿರಲಿಲ್ಲ. ಸತ್ರಿಯಸ್ ಕುರ್ಚಿಯಲ್ಲಿ ಕೂತು ಹೊಸ ನಾಣ್ಯ ಚಾಚಿದ. “ಏನು ಕಾಣ್ತಿದೆ?” ಎಂದು ಹೆರಾಗೊರ ಕೇಳಿದ.

ಅವಳು ಬಹಳ ಹೊತ್ತು ನೋಡಿದಳು. “ಗಡ್ಡದ ಗಂಡಸು” ಎಂದಳು. “ಇವನು ಬದುಕಿದಾನೆ. ಹಿಂದಿನವನು ಸತ್ತ ಅಂತ ನಾನು ಅವತ್ತೇ ಹೇಳಿದ್ದೆ. ನೀವೆಲ್ಲ ಸುಳ್ಳುಬುರುಕರು.”

ಸತ್ರಿಯಸ್ ಬಂದಾಗಿನಿಂದ ನಮ್ಮ ಭಾಷೆಯಲ್ಲೇ ಊಟಕ್ಕೆ ಬೈದವನು, ಈಗ ಏನೂ ಅರ್ಥವಾಗದವನ ಹಾಗೆ ಹೆರಾಗೊರನ ಕಡೆ ತಿರುಗಿದ. ಹೆರಾಗೊರ, “ಮುಖ ಸ್ಪಷ್ಟವಾಗಿ ಕಾಣ್ತಿದೆ ಅಂತಾಳೆ ದೊರೆ” ಎಂದ. ಸತ್ರಿಯಸ್ ತಲೆ ಆಡಿಸಿದ. ಶಿಕ್ಷೆ ಮುಗಿಯಿತು.

ನಾನು ಅವಳ ಹಿಂದೆ ನಡೆದೆ. ಅವಳು ಮನೆಗೆ ಹೋಗದೆ ಸಂತೆಯ ಆಚೆ ಬೆಟ್ಟದವರು ಹೇಸರಗತ್ತೆ ಕಟ್ಟುವ ಕಡೆಗೆ ಹೋದಳು. ಅವರಲ್ಲಿ ಒಬ್ಬ ಮುದುಕಿ ಅವಳಿಗೆ ಜಾಗ ಮಾಡಿಕೊಟ್ಟಳು. ಅವಳು ಕೂತು, ಕಾಲು ಚಾಚಿ, ಆಮೇಲೆ ನನ್ನನ್ನು ನೋಡಿದಳು.

“ವೈದ್ಯ ನಾಣ್ಯ ತೋರಿಸ್ದ” ಎಂದಳು. “ಕೆಲಸ ಚೆನ್ನಾಗಿದೆ. ಮಚ್ಚೆ ಬಿಟ್ಟಿಲ್ಲ.”

“ಅತ್ಗೆ, ಗಂಜಿ ಕಳಿಸೋಕೆ ಹೇಳಿದ್ದು ನಾನೇ.”

“ಗೊತ್ತು. ನನ್ನ ಮುಖ ಯಾಕೆ ಕೆತ್ತಿದೆ?”

“ನೀನು ಬದುಕಿದೀಯ ಅಂತ ದಿನಾ ನೋಡ್ಬೇಕಿತ್ತು.”

“ನೋಡ್ಬೇಕಿದ್ರೆ ದೋಣಿ ಹತ್ತಿ ಬರಬಹುದಿತ್ತಲ್ಲಪ್ಪ. ಅರ್ಧ ದಿನದ ದಾರಿ.”

ಚಳಿಗಾಲವೆಲ್ಲ ವಾರಕ್ಕೆ ಎರಡು ದೋಣಿ ಹೋಗಿದ್ದವು. ಗಂಜಿ ಹೋಯಿತು, ಕಂಬಳಿ ಹೋಯಿತು. ನಾನು ದಡದಲ್ಲಿ ನಿಂತು ಸೊಂಟಪಟ್ಟಿ ತಡವಿಕೊಂಡಿದ್ದೆ. ಊರೆಲ್ಲ ಹೇಡಿಗಳೆಂದು ಒಳಗೇ ನಗುತ್ತಾ ಇದ್ದವನಿಗೆ ಆ ದೋಣಿಯೊಳಗೆ ಕಾಲಿಡುವ ಯೋಚನೆ ಒಂದು ಸಲವೂ ಬಂದಿರಲಿಲ್ಲ.

“ನಾನು ಇವರ ಜೊತೆ ಹೋಗ್ತೀನಿ” ಎಂದಳು. “ಬೆಟ್ಟದ ಹೊಳೇಲಿ ಮೀನು ಬೇಕಾದಷ್ಟಿದೆಯಂತೆ, ಇವರಿಗೆ ಉಪ್ಪು ಹಾಕೋಕೆ ಬರಲ್ವಂತೆ. ಒಂದು ಕೆಲಸ ಮಾಡು ಸಿಮಿಯ. ನನ್ನ ಮುಖ ಕೊಟ್ಟು ಊರವರು ಹೆಂಡ ಕುಡಿದಿದಾರೆ, ಎತ್ತು ಕೊಂಡಿದಾರೆ. ಒಂದೂ ಬಿಡದೆ ಕರಗಿಸು. ನೀನು ಎಲ್ಲೋ ಬಚ್ಚಿಟ್ಟಿರ್ತೀಯಲ್ಲ, ಅದೂ ಸೇರಿ.”

“ಅದೊಂದು ಇರ್ಲಿ ಅತ್ಗೆ.”

“ಬೇಡ. ನಾನು ಇದೀನೋ ಸತ್ತಿದೀನೋ ಅಂತ ಕೂತಲ್ಲೇ ಬೆರಳಾಡಿಸಿ ತಿಳ್ಕೊಳೋ ಸುಖ ನಿನಗೆ ಬೇಡ. ಎದ್ದು ಬರೋಕಾಗ್ದವನಿಗೆ ಅದು ಸಿಗಬಾರ್ದು.” ಕೋಪದಲ್ಲಿ ಹೇಳಲಿಲ್ಲ. ಮೀನಿನ ಬೆಲೆ ಹೇಳುವ ದನಿಯಲ್ಲಿ ಹೇಳಿದಳು. ಆಮೇಲೆ ಮುದುಕಿಯ ಕಡೆ ತಿರುಗಿ ಹೊಳೆಯ ಮೀನಿನ ಬಗ್ಗೆ ಏನೋ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಹೇಸರಗತ್ತೆಗಳು ಬೆಟ್ಟದ ದಾರಿ ಹಿಡಿದವು.

ಹಳೆಯ ನಾಣ್ಯ ಮೂರು ದಿನದಲ್ಲಿ ಟಂಕಸಾಲೆಗೆ ಬಂದು ಬಿತ್ತು. ಜನ ಅಷ್ಟು ಚುರುಕಾಗಿ ಯಾವ ಅಪ್ಪಣೆಯನ್ನೂ ಪಾಲಿಸಿದ್ದಿಲ್ಲ. ಬಾಗಿಲಲ್ಲಿ ನಿಂತು, ಮುಖ ಬೇರೆ ಕಡೆ ತಿರುಗಿಸಿ, ಬುಟ್ಟಿಗೆ ಸುರಿದು ಹೋಗುತ್ತಿದ್ದರು. ಹೆರಾಗೊರ ತನ್ನ ಪೆಟ್ಟಿಗೆಯನ್ನು ಕಳಿಸಿಕೊಟ್ಟ, ತಾನು ಬರಲಿಲ್ಲ. ಅವನು ಗಡ್ಡ ಬಿಡಲು ಶುರುಮಾಡಿದ್ದ, ಅದು ಅರ್ಧ ಬೆಳೆದು ನೋಡುವ ಹಾಗಿರಲಿಲ್ಲ. ನಾನು ಮೂಸೆ ತುಂಬಿ ತುಂಬಿ ಕರಗಿಸಿದೆ. ಬೆಳ್ಳಿ ಮೆತ್ತಗಾಗುವಾಗ ಸಾವಿರ ಅತ್ತಿಗೆಯರು ಒಬ್ಬರ ಮೇಲೊಬ್ಬರು ಬಿದ್ದು ನೀರಾದರು.

ಕೊನೆಗೆ ಸೊಂಟಪಟ್ಟಿಯ ಹೊಲಿಗೆ ಬಿಚ್ಚಿದೆ. ನಡುಹಗಲು, ಬಾಗಿಲು ತೆರೆದಿತ್ತು, ಹೊರಗೆ ಹೊಸ ಚಕ್ರವರ್ತಿಗೆ ಜಯಕಾರ ನಡೆಯುತ್ತಿತ್ತು. ನಾಣ್ಯ ಅಂಗೈಯಲ್ಲಿ ಬೆನ್ನು ಮೇಲಾಗಿ ಬಿದ್ದಿತ್ತು. ಅವಳು ಬೆಟ್ಟ ತಲುಪಿದಳೋ, ದಾರಿಯಲ್ಲಿ ಬಿಸಿಲಿಗೆ ಬಾಡಿದಳೋ ಎಂದು ಒಂದು ಸಲ ತಿರುಗಿಸಿ ನೋಡಲು ಹೆಬ್ಬೆರಳು ತಾನಾಗಿ ಅಂಚಿಗೆ ಹೋಯಿತು. ತಿರುಗಿಸಲಿಲ್ಲ. ಹಾಗೇ ಮೂಸೆಗೆ ಬಿಟ್ಟೆ. ಅದಾಗಿ ಆರು ವರ್ಷ. ಅಷ್ಟರಲ್ಲಿ ಮೂವರು ಚಕ್ರವರ್ತಿಗಳನ್ನು ಕೆತ್ತಿದ್ದೇನೆ, ಅವರಲ್ಲಿ ಯಾರಿಗೆ ಯಾವಾಗ ಹಲ್ಲುನೋವು ಬಂತೆಂದು ಬೇಕಾದರೆ ಹೇಳಬಲ್ಲೆ. ಅತ್ತಿಗೆಯ ವಿಷಯ ನನಗೆ ಏನೂ ಗೊತ್ತಿಲ್ಲ.